ಡೊಂಬಿವಲಿಯ ಮನೆಯಲ್ಲಿ ಮೀಡಿಯಾ ಸೆಂಟರ್: ರಾಸ್ಪ್‌ಬೆರಿ ಪೈ ಸಾಕೇ?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದ ಸಣ್ಣ ಫ್ಲ್ಯಾಟೊಂದರಲ್ಲಿದ್ದೇವೆ, ಊರು ಕುಂದಾಪುರದ ಕಡೆ. ನಿವೃತ್ತರಾಗಿರುವ ತಂದೆಯವರ ಬಳಿ ಯಕ್ಷಗಾನ, ತಾಳಮದ್ದಳೆಗಳ ಕ್ಯಾಸೆಟ್‌ಗಳು, ಕನ್ನಡ ಚಿತ್ರಗಳ ವಿಸಿಡಿ ಮತ್ತು ಡಿವಿಡಿಗಳು, ಮನೆಯ ಸಮಾರಂಭಗಳ ಹಾಗೂ ಯಕ್ಷಗಾನ ಆಟಗಳ ವಿಡಿಯೊ ತುಂಬಿದ 2 ಟಿಬಿಯ ಹಾರ್ಡ್ ಡಿಸ್ಕ್ ಇವೆ. ನಮ್ಮ ಫುಲ್ ಎಚ್‌ಡಿ ಟಿವಿಗೆ ಎರಡು ಎಚ್‌ಡಿಎಂಐ ಪೋರ್ಟ್‌ಗಳಿವೆ, ಆದರೆ ಅದು ಸ್ಮಾರ್ಟ್ ಟಿವಿಯಲ್ಲ. ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಬಳಸಿ ಎಲ್ಲವನ್ನೂ ಒಂದೆಡೆ ತರಬಹುದೇ? ಯಾವ ಮಾದರಿ ಕೊಳ್ಳಬೇಕು? ಅಪ್ಪ ಅಮ್ಮ ಟಿವಿ ರಿಮೋಟಿನಲ್ಲೇ ಅದನ್ನು ನಡೆಸಬಹುದೇ? ಒಟಿಟಿಯೂ ಅದರಲ್ಲೇ ಬರುತ್ತದೆಯೇ?

ಉತ್ತರ: ತಂದೆಯವರ ಸಂಗ್ರಹವನ್ನು ಟಿವಿಯಲ್ಲಿ ನೋಡಲು, ಕೇಳಲು ರಾಸ್ಪ್‌ಬೆರಿ ಪೈ ಧಾರಾಳವಾಗಿ ಸಾಕು. ಒಟಿಟಿಗಾಗಿ ಮಾತ್ರ ಅದನ್ನು ಕೊಳ್ಳಬೇಡಿ. ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತಿರುವುದಕ್ಕೆ ಕಾರಣವಿದೆ: ಇಂಥ ಏರ್ಪಾಡು ಮಾಡಿ ನಿರಾಶರಾದವರಲ್ಲಿ ಹೆಚ್ಚಿನವರು ಒಂದೇ ಪೆಟ್ಟಿಗೆಯಿಂದ ಎರಡೂ ಕೆಲಸಗಳನ್ನು ನಿರೀಕ್ಷಿಸಿದವರು. ದೊಡ್ಡ ಒಟಿಟಿ ಸಂಸ್ಥೆಗಳು ತಮ್ಮ ಚಿತ್ರಗಳನ್ನು ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆಯ ಮೂಲಕ ಕಳುಹಿಸುತ್ತವೆ. ಅದರ ಉನ್ನತ ಹಂತವಾದ ಎಲ್1ಕ್ಕೆ ಪ್ರಮಾಣಿತ ಯಂತ್ರಾಂಶ ಬೇಕು. ಪೈನಲ್ಲಿ ಸಿಗುವುದು ಕೆಳಹಂತದ ಎಲ್3 ಮಾತ್ರ. ಹೀಗಾಗಿ ಕೆಲವು ಸೇವೆಗಳು ಕಡಿಮೆ ಸ್ಪಷ್ಟತೆಯಲ್ಲಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಯೂಟ್ಯೂಬಿಗೆ ಆಡ್‌ಆನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆಯಾದರೂ ಅದಕ್ಕೆ ನಿಮ್ಮದೇ ಎಪಿಐ ಕೀ ಎಂಬ ಗುರುತಿನ ಸಂಕೇತಗಳನ್ನು ಪಡೆದು ತುಂಬಿಸಬೇಕು, ಹಿರಿಯರ ಮನೆಯಲ್ಲಿ ಅದನ್ನು ಸರಿಯಾಗಿ ನಡೆಸಿಕೊಂಡು ಹೋಗುವುದು ಸುಲಭವಲ್ಲ. ನಿಮ್ಮ ಟಿವಿಗೆ ಎರಡು ಎಚ್‌ಡಿಎಂಐ ಪೋರ್ಟ್‌ಗಳಿರುವುದರಿಂದ ಒಂದಕ್ಕೆ ಪೈ, ಇನ್ನೊಂದಕ್ಕೆ ಸಾಮಾನ್ಯ ಸ್ಟ್ರೀಮಿಂಗ್ ಸ್ಟಿಕ್ ಹಾಕುವುದೇ ನನ್ನ ಸಲಹೆ. ಮುಂದಿನದೆಲ್ಲ ಸಂಗ್ರಹದ ವಿಚಾರ.

ಮಾದರಿಯ ಬಗ್ಗೆ: ನಿಮಗೆ 2 ಜಿಬಿ ರ್‍ಯಾಮ್‌ನ ರಾಸ್ಪ್‌ಬೆರಿ ಪೈ 4 ಸಾಕು. 2023ರಲ್ಲಿ ಬಂದ ಪೈ 5 ಎಲ್ಲ ರೀತಿಯಲ್ಲೂ ವೇಗದ ಯಂತ್ರವೇ ಹೌದು, ಆದರೆ ಹೊಸದೆಂಬ ಒಂದೇ ಕಾರಣಕ್ಕೆ ಅದು ನಿಮ್ಮ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ ಎನ್ನಲಾಗದು. ವಿಡಿಯೊ ಬಿಚ್ಚಿ ತೋರಿಸಲು ಪೈ 4ರಲ್ಲಿ ಎಚ್.264 ಮತ್ತು ಎಚ್.265 ಎಂಬ ವಿಡಿಯೊ ಸಂಕುಚನ ಮಾದರಿಗಳೆರಡಕ್ಕೂ ಪ್ರತ್ಯೇಕ ಯಂತ್ರಾಂಶವಿದೆ; ಪೈ 5ರಲ್ಲಿ ಎಚ್.265ಕ್ಕೆ ಮಾತ್ರ ಇದ್ದು, ಎಚ್.264ನ್ನು ಅದರ ಬಲವಾದ ಪ್ರೊಸೆಸರೇ ನಿಭಾಯಿಸುತ್ತದೆ. ಫುಲ್ ಎಚ್‌ಡಿ ಟಿವಿಯಲ್ಲಿ ನೋಡುವವರಿಗೆ ಇವೆರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ವ್ಯತ್ಯಾಸ ತಟ್ಟುವುದು ಬೇರೆ ಕಡೆ: ಪೈ 4ಕ್ಕೆ 3 ಆಂಪಿಯರ್‌ನ ಅಡಾಪ್ಟರ್ ಸಾಕು, ಪೈ 5ಕ್ಕೆ 5 ಆಂಪಿಯರ್‌ನದು ಬೇಕು, ಪೈ 4ರಲ್ಲಿ ಹಳೆಯ ಆಂಪ್ಲಿಫೈಯರಿಗೆ ಜೋಡಿಸಬಹುದಾದ 3.5 ಮಿ.ಮೀ. ಆಡಿಯೊ ಜ್ಯಾಕ್ ಇದೆ, ಪೈ 5ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಪರಿಚಿತರ ಮನೆಯಲ್ಲಿ ಪೈ 3 ಸುಮ್ಮನೆ ಬಿದ್ದಿದ್ದರೆ ಅದರಿಂದಲೇ ಆರಂಭಿಸಿ ನೋಡಬಹುದು, ಎಚ್.265 ಫೈಲ್‌ಗಳಲ್ಲಿ ಮಾತ್ರ ಅದು ತಡವರಿಸೀತು.

ಈಗ ವಿದ್ಯುತ್ತಿನ ವಿಷಯ. ಇದನ್ನು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಚಿತ್ರ ನಡುವೆ ನಿಲ್ಲುವುದು, ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಕಾಣೆಯಾಗುವುದು, ಯಂತ್ರ ತಾನಾಗಿ ಮತ್ತೆ ಚಾಲೂ ಆಗುವುದು ಮುಂತಾದ ದೂರುಗಳಲ್ಲಿ ಬಹುಪಾಲಿಗೆ ಕಾರಣ ಬೋರ್ಡೂ ಅಲ್ಲ, ತಂತ್ರಾಂಶವೂ ಅಲ್ಲ, ಸಾಲದೆ ಹೋದ ವಿದ್ಯುತ್ತು. ಪೈ 4ರ ಅಧಿಕೃತ ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರ್‌ನದು. 5ರ ಮೇಲಿನ ಆ 0.1 ವೋಲ್ಟ್, ತಂತಿಯಲ್ಲಿ ಆಗುವ ಇಳಿಕೆಯನ್ನು ತುಂಬಿಕೊಡುವುದಕ್ಕಾಗಿ ಇರುವಂಥದ್ದು. ಮನೆಯಲ್ಲಿರುವ ಮೊಬೈಲ್ ಚಾರ್ಜರಿನ ಮೇಲೆ ದೊಡ್ಡ ವಾಟ್ ಸಂಖ್ಯೆ ಬರೆದಿದ್ದರೂ ಆ ಶಕ್ತಿ ಸಿಗುವುದು 9 ಅಥವಾ 12 ವೋಲ್ಟ್‌ನಲ್ಲಿ. ಪೈ ಕೇಳುವುದು 5 ವೋಲ್ಟ್ ಮಾತ್ರ, ಮತ್ತು ಆ ಮಟ್ಟದಲ್ಲಿ ಹಲವು ಚಾರ್ಜರ್‌ಗಳು 2 ಆಂಪಿಯರ್ ದಾಟುವುದಿಲ್ಲ. ಒಳಬರುವ ವಿದ್ಯುತ್ತು ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪೈ ಅದನ್ನು ಗುರುತಿಸಿ ‘ಅಂಡರ್‌ವೋಲ್ಟೇಜ್’ ಎಂದು ಲಾಗ್‌ನಲ್ಲಿ ದಾಖಲಿಸುತ್ತದೆ, ತನ್ನ ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ಏನಾದರೂ ಕೆಟ್ಟಂತೆ ಕಂಡಾಗ ಮೊದಲು ಹುಡುಕಬೇಕಾದುದು ಈ ಸಾಲನ್ನು.

ಇದಕ್ಕಿಂತ ಮುಖ್ಯವಾದುದು ಹಾರ್ಡ್ ಡಿಸ್ಕಿನ ಹಸಿವು. ಪೈ 4ರ ನಾಲ್ಕು ಯುಎಸ್‌ಬಿ ಪೋರ್ಟ್‌ಗಳು ಸೇರಿ ಒಟ್ಟಿಗೆ ಕೊಡಬಲ್ಲದ್ದು 1.2 ಆಂಪಿಯರ್. ಎರಡೂವರೆ ಇಂಚಿನ ಸಾಮಾನ್ಯ ಪೋರ್ಟಬಲ್ ಡಿಸ್ಕ್ ಸುತ್ತಲು ಆರಂಭಿಸುವ ಕ್ಷಣದಲ್ಲಿ 1 ಆಂಪಿಯರ್‌ನ ಹತ್ತಿರ ಎಳೆಯುತ್ತದೆ. ಒಂದೇ ಡಿಸ್ಕ್ ಇದ್ದಾಗ ಹೇಗೋ ನಡೆದೀತು. ಜತೆಗೆ ಡಿವಿಡಿ ಡ್ರೈವ್ ಅಥವಾ ಎರಡನೆಯ ಡಿಸ್ಕ್ ಸೇರಿಸಿದ ದಿನ ವ್ಯವಸ್ಥೆ ಕುಸಿಯುತ್ತದೆ. ಆದ್ದರಿಂದ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ 3.0 ಹಬ್ ಒಂದನ್ನು ಮೊದಲ ದಿನವೇ ಕೊಳ್ಳಿ, ಡಿಸ್ಕ್‌ಗಳನ್ನು ಅದಕ್ಕೇ ಜೋಡಿಸಿ. ಸಂಗ್ರಹ ನಿಮ್ಮ ತಂದೆಯವರು ಜೀವಮಾನವಿಡೀ ಕೂಡಿಸಿದ್ದು. ಹಬ್ಬಿನ ಬೆಲೆಯನ್ನು ಉಳಿಸಲು ಹೋಗಿ ಬರೆಯುವ ನಡುವೆ ಡಿಸ್ಕಿನ ವಿದ್ಯುತ್ತು ತಪ್ಪುವ ಅಪಾಯಕ್ಕೆ ಅದನ್ನು ಒಡ್ಡುವುದು ಸಲ್ಲದು.

ಖರೀದಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡ್ ನಿಮಗೆ ಗೊತ್ತೇ ಇರುತ್ತದೆ. ಅಲ್ಲಿ ಹಬ್, ಕೇಬಲ್, ಕೇಸ್ ಎಲ್ಲವೂ ಸಿಗುತ್ತವೆ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅನುಕೂಲವಿದೆ. ಅಡಾಪ್ಟರನ್ನೂ ಮೆಮೊರಿ ಕಾರ್ಡನ್ನೂ ಮಾತ್ರ ಅಧಿಕೃತ ಮಾರಾಟಗಾರರಿಂದ ಬಿಲ್ಲಿನೊಂದಿಗೆ ತೆಗೆದುಕೊಳ್ಳಿ. ನಕಲಿ ಕಾರ್ಡುಗಳು ತಮ್ಮ ಗಾತ್ರವನ್ನು ಸುಳ್ಳು ಹೇಳುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿದರೆ ಸುಳ್ಳು ಬಯಲಾಗುತ್ತದೆ. 16 ಅಥವಾ 32 ಜಿಬಿಯ ಎ1 ದರ್ಜೆಯ ಕಾರ್ಡ್ ಸಾಕು, ಏಕೆಂದರೆ ಚಿತ್ರಗಳು ಇರುವುದು ಡಿಸ್ಕಿನಲ್ಲಿ. ಪೈ 4ರದು ಮೈಕ್ರೊ ಎಚ್‌ಡಿಎಂಐ ಪೋರ್ಟ್ ಎಂಬುದನ್ನು ನೆನಪಿಟ್ಟುಕೊಂಡು, ಒಂದು ತುದಿಯಲ್ಲಿ ಮೈಕ್ರೊ, ಇನ್ನೊಂದು ತುದಿಯಲ್ಲಿ ಸಾಮಾನ್ಯ ಎಚ್‌ಡಿಎಂಐ ಇರುವ ಕೇಬಲನ್ನೇ ಕೇಳಿ. ಗಟ್ಟಿ ಅಡಾಪ್ಟರ್ ತುಂಡು ಸಿಕ್ಕಿಸಿ ಅದಕ್ಕೆ ದಪ್ಪ ಕೇಬಲ್ ತೂಗುಹಾಕಿದರೆ ಆ ಪುಟ್ಟ ಪೋರ್ಟ್ ಸಡಿಲಗೊಳ್ಳುತ್ತದೆ.

ತಂತ್ರಾಂಶದ ಸ್ಥಾಪನೆ ಇಡೀ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ. ನಿಮ್ಮ ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು, ಮೀಡಿಯಾ ಪ್ಲೇಯರ್ ವಿಭಾಗದಿಂದ ಲಿಬ್ರೆಎಲೆಕ್ ಆರಿಸಿ, ನಿಮ್ಮ ಮಾದರಿಗೆ ಸರಿಹೊಂದುವ ಆವೃತ್ತಿಯನ್ನು ಕಾರ್ಡಿಗೆ ಬರೆಸಿ, ಕಾರ್ಡನ್ನು ಪೈಗೆ ಹಾಕಿ ಚಾಲೂ ಮಾಡಿದರೆ ಕೆಲವು ನಿಮಿಷಗಳಲ್ಲಿ ಕೋಡಿಯ, ಅಂದರೆ ಡಿಸ್ಕಿನಲ್ಲಿರುವ ಚಿತ್ರ, ಹಾಡುಗಳನ್ನು ಪಟ್ಟಿಮಾಡಿ ತೋರಿಸುವ ತಂತ್ರಾಂಶದ, ಮುಖಪುಟ ಬರುತ್ತದೆ. ಲಿಬ್ರೆಎಲೆಕ್ ಎಂಬುದು ಕೋಡಿಯನ್ನು ನಡೆಸಲು ಬೇಕಾದಷ್ಟೇ ಇರುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಅದರ ಮೂಲವ್ಯವಸ್ಥೆ ಓದಲು ಮಾತ್ರ ತೆರೆದಿರುವ ಒಂದೇ ಫೈಲಿನಲ್ಲಿ ಅಡಕವಾಗಿರುವುದರಿಂದ ಕರೆಂಟ್ ಹೋದಾಗ ಕೆಡುವ ಸಂಭವ ಸಾಮಾನ್ಯ ಲಿನಕ್ಸಿಗಿಂತ ಕಡಿಮೆ. ಕೋಡಿಯಾದರೋ ಮೊದಲು ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹುಟ್ಟಿ, 2014ರವರೆಗೆ ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿದ್ದ ತಂತ್ರಾಂಶ. ಹೀಗಾಗಿ ಆರಂಭದಿಂದಲೂ ಅದು ದೂರದ ಸೋಫಾದಲ್ಲಿ ಕುಳಿತು ಬಾಣದ ಗುಂಡಿಗಳಿಂದ ನಡೆಸುವವರಿಗಾಗಿಯೇ ರೂಪುಗೊಂಡಿದೆ. ಇದು ನಿಮ್ಮ ತಂದೆತಾಯಿಗಳ ಪಾಲಿಗೆ ದೊಡ್ಡ ಅನುಕೂಲ. ಒಂದು ಎಚ್ಚರಿಕೆ: ಕೋಡಿ ತಾನಾಗಿ ಯಾವ ಚಿತ್ರವನ್ನೂ ಒದಗಿಸುವುದಿಲ್ಲ. ಎಲ್ಲ ಹೊಸ ಚಿತ್ರಗಳೂ ಉಚಿತ ಎಂದು ಹೇಳಿಕೊಳ್ಳುವ ಆಡ್‌ಆನ್‌ಗಳು ಕದ್ದ ಮಾಲನ್ನು ತೋರಿಸುವಂಥವು, ಮನೆಯ ನೆಟ್‌ವರ್ಕಿಗೂ ಅಪಾಯ. ಅವನ್ನು ಹತ್ತಿರ ಸೇರಿಸಬೇಡಿ.

ಟಿವಿ ರಿಮೋಟಿನಿಂದಲೇ ನಡೆಸುವುದು ಸಾಧ್ಯ, ಮತ್ತು ನಿಮ್ಮ ಮನೆಯಲ್ಲಿ ಈ ಏರ್ಪಾಡು ಬಳಕೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಇದೇ ಎಂದು ನನ್ನ ಅಭಿಪ್ರಾಯ. ಎಚ್‌ಡಿಎಂಐ ಕೇಬಲಿನ 13ನೇ ಪಿನ್ ಮೂಲಕ ಟಿವಿ ತನ್ನ ರಿಮೋಟಿನ ಗುಂಡಿಗಳನ್ನು ಪೈಗೆ ತಿಳಿಸಬಲ್ಲದು. ಈ ವ್ಯವಸ್ಥೆಗೆ ಸಿಇಸಿ ಎಂದು ಹೆಸರು. ಟಿವಿಯ ಮೆನುವಿನಲ್ಲಿ ಅದು ಈ ಹೆಸರಿನಲ್ಲಿ ಸಿಗುವುದು ಅಪರೂಪ: ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಅದನ್ನು ಆನ್ ಮಾಡಿ, ಪೈ 4ರ ಎರಡು ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ವಿದ್ಯುತ್ ಪೋರ್ಟಿನ ಪಕ್ಕದಲ್ಲಿರುವುದನ್ನೇ ಬಳಸಿ. ನಿಮ್ಮ ಟಿವಿಯಲ್ಲಿ ಸಿಇಸಿ ಇಲ್ಲದಿದ್ದರೆ ಯುಎಸ್‌ಬಿ ರಿಸೀವರ್ ಇರುವ ಸಣ್ಣ ರಿಮೋಟ್ ಕೊಳ್ಳಬಹುದು. ಆ ರಿಸೀವರನ್ನು ಯುಎಸ್‌ಬಿ 3.0 ಡಿಸ್ಕಿನ ಪಕ್ಕದಲ್ಲೇ ಸಿಕ್ಕಿಸಬೇಡಿ, ಏಕೆಂದರೆ ಯುಎಸ್‌ಬಿ 3.0 ಹೊಮ್ಮಿಸುವ ಅಡಚಣೆ 2.4 ಗಿಗಾಹರ್ಟ್ಸ್ ವಲಯಕ್ಕೇ ಬೀಳುತ್ತದೆ ಮತ್ತು ಇಂಥ ರಿಮೋಟ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಅಲ್ಲಿಯೇ. ನಿಮ್ಮ ಮಟ್ಟಿಗೆ ಕೋಡಿಯವರದೇ ಆದ ಕೋರೆ ಎಂಬ ಆಂಡ್ರಾಯ್ಡ್ ಆ್ಯಪ್ ಇರಲಿ. ಹೆಸರು ಟೈಪ್ ಮಾಡಿ ಹುಡುಕಲು ಅದು ಒಳ್ಳೆಯದು.

ರಿಮೋಟ್ ಕೆಲಸ ಮಾಡಿದೊಡನೆ ಮುಖಪುಟವನ್ನು ಬರಿದು ಮಾಡಿ. ಹವಾಮಾನ, ಆಟಗಳು, ಟಿವಿ ಚಾನೆಲ್‌ಗಳು ಎಂಬ ಬಳಸದ ಸಾಲುಗಳನ್ನು ಸ್ಕಿನ್ನಿನ (ಕೋಡಿಯ ಹೊರರೂಪದ) ಸೆಟ್ಟಿಂಗ್ಸ್‌ನಲ್ಲಿ ಮರೆಮಾಡಬಹುದು. ಅಪ್ಪ ಪದೇ ಪದೇ ಕೇಳುವ ಪ್ರಸಂಗಗಳನ್ನೂ ಅಮ್ಮ ಇಷ್ಟಪಡುವ ಚಿತ್ರಗಳನ್ನೂ ‘ಫೇವರಿಟ್ಸ್’ಗೆ ಸೇರಿಸಿಟ್ಟರೆ ಮೂರು ಗುಂಡಿಗಳ ಒಳಗೆ ಬೇಕಾದ್ದು ಸಿಗುತ್ತದೆ. ಟಿವಿ ಆಫ್ ಮಾಡಿದಾಗ ಪೈ ಕೂಡ ಪೂರ್ತಿ ಶಟ್‌ಡೌನ್ ಆಗುವಂತೆ ಇಡಬೇಡಿ: ಪೈ 4ಕ್ಕೆ ಪವರ್ ಬಟನ್ ಇಲ್ಲ, ಒಮ್ಮೆ ಮಲಗಿದ ಮೇಲೆ ಪ್ಲಗ್ ಕಿತ್ತು ಹಾಕದ ಹೊರತು ಏಳದು. ಸುಮ್ಮನೆ ಆನ್ ಆಗಿದ್ದಾಗ ಅದು ಬಳಸುವುದು ಸುಮಾರು 3 ವಾಟ್. ಇಡೀ ತಿಂಗಳಿಗೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು. ಹಾರ್ಡ್ ಡಿಸ್ಕ್ ಬಳಕೆಯಲ್ಲಿಲ್ಲದಾಗ ತಾನಾಗಿ ತಿರುಗುವುದನ್ನು ನಿಲ್ಲಿಸುತ್ತದೆ. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸುವ ರೂಢಿ ನಮ್ಮ ಮನೆಗಳಲ್ಲಿ ಸಾಮಾನ್ಯವಾದ್ದರಿಂದ, ಪೈ ಮತ್ತು ಹಬ್ಬಿನ ಪ್ಲಗ್‌ಗಳನ್ನು ಟಿವಿಯ ಸ್ವಿಚ್ಚಿಗೆ ಸೇರದ ಬೇರೊಂದು ಸಾಕೆಟ್ಟಿಗೆ, ಒಳ್ಳೆಯ ಸ್ಪೈಕ್ ಗಾರ್ಡಿನ ಮೂಲಕ ಕೊಡಿ.

ಚಿತ್ರ ಮತ್ತು ಧ್ವನಿಯಲ್ಲಿ ಮೂರು ಹೊಂದಾಣಿಕೆಗಳು ಅಗತ್ಯ. ಚಿತ್ರದ ಅಂಚುಗಳು ಟಿವಿಯ ಚೌಕಟ್ಟಿನಾಚೆ ಕತ್ತರಿಸಿಹೋದಂತೆ ಕಂಡರೆ ಟಿವಿಯ ಪಿಕ್ಚರ್ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಎಂಬುದನ್ನು ಆರಿಸಬೇಕು. ಕೋಡಿಯ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಪರದೆಯ ರಿಫ್ರೆಶ್ ದರವನ್ನು ವಿಡಿಯೊಗೆ ತಕ್ಕಂತೆ ಬದಲಿಸುವ ಆಯ್ಕೆಯನ್ನು ಆನ್ ಮಾಡಬೇಕು. ಭಾರತದ ವಿಸಿಡಿಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್‌ಗಳವು, ಅವನ್ನು 60 ಹರ್ಟ್ಸ್‌ನಲ್ಲಿ ತೋರಿಸಿದರೆ ಕ್ಯಾಮೆರಾ ಸರಿದಾಡುವ ದೃಶ್ಯಗಳು ಕುಲುಕುತ್ತವೆ, 50 ಹರ್ಟ್ಸ್‌ನಲ್ಲಿ ನಯವಾಗಿ ಹರಿಯುತ್ತವೆ. ಮೂರನೆಯದು ಹಿರಿಯರ ಕಿವಿಗೆ ಸಂಬಂಧಿಸಿದ್ದು. ಆರು ಚಾನೆಲ್‌ಗಳ ಧ್ವನಿಯನ್ನು ಟಿವಿಯ ಎರಡು ಸ್ಪೀಕರ್‌ಗಳಿಗೆ ಇಳಿಸುವಾಗ ಮಾತು ಕ್ಷೀಣವಾಗಿ, ಹಿನ್ನೆಲೆ ಸಂಗೀತ ಅಬ್ಬರವಾಗಿ ಕೇಳುತ್ತದೆ. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್‌ಗಳ ಸಂಖ್ಯೆಯನ್ನು 2.0 ಎಂದಿಟ್ಟು, ಡೌನ್‌ಮಿಕ್ಸ್ ಮಾಡುವಾಗ ಮೂಲ ವಾಲ್ಯೂಮನ್ನೇ ಉಳಿಸುವ ಆಯ್ಕೆಯನ್ನು ಆನ್ ಮಾಡಿದರೆ ಸಂಭಾಷಣೆ ಸ್ಪಷ್ಟವಾಗುತ್ತದೆ.

ಇನ್ನು ಸಂಗ್ರಹವನ್ನು ಜೋಡಿಸುವ ಕೆಲಸ. ಇದಕ್ಕೆ ಹೆಚ್ಚು ಸಮಯ ಬೇಕು, ಮತ್ತು ತಂದೆಯವರನ್ನು ಜತೆಯಲ್ಲಿ ಕೂರಿಸಿಕೊಂಡೇ ಮಾಡಬೇಕು. ಚಲನಚಿತ್ರಗಳು, ಯಕ್ಷಗಾನ ವಿಡಿಯೊ, ಮನೆಯ ಸಮಾರಂಭ, ಆಡಿಯೊ ಎಂದು ನಾಲ್ಕು ಬೇರೆ ಫೋಲ್ಡರ್‌ಗಳನ್ನು ಮಾಡಿ. ಚಲನಚಿತ್ರದ ಫೈಲಿಗೆ ಚಿತ್ರದ ಹೆಸರು, ಅದರ ಮುಂದೆ ಆವರಣದೊಳಗೆ ಬಿಡುಗಡೆಯ ವರ್ಷ, ಇಷ್ಟನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಕೋಡಿ ಅಂತರಜಾಲದ ದತ್ತಾಂಶದಿಂದ ಪೋಸ್ಟರ್, ತಾರಾಗಣ, ಕಥಾಸಾರಗಳನ್ನು ತಾನೇ ತಂದುಕೊಳ್ಳುತ್ತದೆ. ವರ್ಷವನ್ನು ಬಿಡಬೇಡಿ, ಒಂದೇ ಹೆಸರಿನ ಚಿತ್ರಗಳು ದಕ್ಷಿಣದ ಭಾಷೆಗಳಲ್ಲಿ ಹಲವಿವೆ.

ಯಕ್ಷಗಾನದ ಫೋಲ್ಡರಿನಲ್ಲಿ ಮಾತ್ರ ಕೋಡಿಗೆ ಹೀಗೆ ಹುಡುಕಲು ಅವಕಾಶ ಕೊಡಲೇಬಾರದು. ಪ್ರಸಂಗಗಳ ಹೆಸರುಗಳು ಪುರಾಣದವು, ಅದೇ ಹೆಸರಿನ ಪೌರಾಣಿಕ ಚಲನಚಿತ್ರಗಳು ತೆಲುಗು, ತಮಿಳು, ಹಿಂದಿಯಲ್ಲಿ ಬೇಕಾದಷ್ಟಿರುವುದರಿಂದ, ಬಡಗುತಿಟ್ಟಿನ ಆಟಕ್ಕೆ ಯಾವುದೋ ಚಿತ್ರದ ಪೋಸ್ಟರ್ ಬಂದು ಕೂರುತ್ತದೆ. ಆ ಫೋಲ್ಡರಿನ ವಿಷಯಪ್ರಕಾರವನ್ನು ‘ನನ್’ (None, ಯಾವುದೂ ಅಲ್ಲ) ಎಂದಿಟ್ಟು, ಪ್ರತಿ ಪ್ರಸಂಗಕ್ಕೂ ಒಂದು ಉಪಫೋಲ್ಡರ್ ಮಾಡಿ, ಅದರೊಳಗೆ ‘ಫೋಲ್ಡರ್’ ಎಂಬ ಹೆಸರಿನ ಜೆಪಿಜಿ ಚಿತ್ರವೊಂದನ್ನು ಇಡಿ. ಆಟದ ಕರಪತ್ರ ಉಳಿದಿದ್ದರೆ ಅದರ ಫೋಟೊವೇ ಸೊಗಸಾದ ಮುಖಚಿತ್ರ. ಉಪಫೋಲ್ಡರಿನ ಹೆಸರಿನಲ್ಲಿ ಪ್ರಸಂಗ, ಮೇಳ, ಸ್ಥಳ, ವರ್ಷ ಇವಿಷ್ಟೂ ಇರಲಿ. ಮುಮ್ಮೇಳದಲ್ಲಿ ಯಾರಿದ್ದರು, ಹಿಮ್ಮೇಳದಲ್ಲಿ ಯಾರಿದ್ದರು ಎಂಬುದನ್ನು ತಂದೆಯವರು ಹೇಳಿದಂತೆ ಒಂದು ಪಠ್ಯ ಫೈಲಿನಲ್ಲಿ ಬರೆದು ಅಲ್ಲೇ ಇಡಿ. ಖಾಸಗಿಯಾಗಿ ಚಿತ್ರೀಕರಿಸಿದ ಇಂಥ ಆಟಗಳ ವಿವರ ಯಾವ ದತ್ತಾಂಶದಲ್ಲೂ ಸಿಗುವುದಿಲ್ಲ. ಅದನ್ನು ಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ.

ವಿಸಿಡಿಗಳನ್ನು ಆದಷ್ಟು ಬೇಗ ಡಿಸ್ಕಿಗೆ ಇಳಿಸಿ. ಅದರಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರಿನೊಳಗೆ ಡ್ಯಾಟ್ ಎಂಬ ವಿಸ್ತರಣೆಯ ಫೈಲಾಗಿ ಚಿತ್ರವಿರುತ್ತದೆ. ಒಂದೇ ಬಿಲ್ಲೆಯಲ್ಲಿ 74 ನಿಮಿಷಗಳ ಚಿತ್ರವನ್ನು ಹಿಡಿಸಲು ವಿಸಿಡಿಯಲ್ಲಿ ದತ್ತಾಂಶ ಸಿಡಿಗೆ ಇರುವ ಹೆಚ್ಚುವರಿ ದೋಷ ತಿದ್ದುವ ಪದರವನ್ನು ಬಿಟ್ಟಿದ್ದಾರೆ. ಆದ್ದರಿಂದ ಸಣ್ಣ ಗೀರೂ ಅದಕ್ಕೆ ಮಾರಕ. ಎರಡು ಮೂರು ಬಿಲ್ಲೆಗಳಲ್ಲಿ ಬಂದ ಚಿತ್ರದ ಫೈಲ್‌ಗಳಿಗೆ ಒಂದೇ ಹೆಸರಿಟ್ಟು ಕೊನೆಗೆ ಸಿಡಿ1, ಸಿಡಿ2 ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಕೋಡಿ ಅವನ್ನು ಒಂದೇ ಚಿತ್ರವೆಂದು ಪರಿಗಣಿಸಿ ನಿಲ್ಲದೆ ತೋರಿಸುತ್ತದೆ. ವಿಸಿಡಿಯ ಚಿತ್ರ 352 x 288 ಬಿಂದುಗಳದ್ದು. ದೊಡ್ಡ ಪರದೆಯಲ್ಲಿ ಮಸುಕಾಗಿಯೇ ಕಾಣುತ್ತದೆ. ಮರುಸಂಸ್ಕರಿಸಿ ದೊಡ್ಡದು ಮಾಡಲು ಹೋಗಬೇಡಿ, ಇದ್ದುದನ್ನು ಇದ್ದಂತೆ ಉಳಿಸಿ. ಮದುವೆ, ಉಪನಯನ, ಆಟಗಳ ಖಾಸಗಿ ಡಿವಿಡಿಗಳಿಗೆ ಬೀಗವಿರುವುದಿಲ್ಲ, ಅವನ್ನೂ ಹೀಗೆಯೇ ನಕಲಿಸಬಹುದು. ಅಂಗಡಿಯಿಂದ ಕೊಂಡ ಡಿವಿಡಿಗಳನ್ನು ಹಬ್ಬಿಗೆ ಜೋಡಿಸಿದ ಯುಎಸ್‌ಬಿ ಡ್ರೈವಿನಿಂದಲೇ ನೋಡುವುದು ಸರಿ.

ಕ್ಯಾಸೆಟ್‌ಗಳ ಕೆಲಸ ಪೈನದ್ದಲ್ಲ. ಅದರ 3.5 ಮಿ.ಮೀ. ಜ್ಯಾಕ್ ಧ್ವನಿಯನ್ನು ಹೊರಕೊಡುತ್ತದೆಯೇ ವಿನಾ ಒಳತೆಗೆದುಕೊಳ್ಳುವುದಿಲ್ಲ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡೊಂದನ್ನು ಲ್ಯಾಪ್‌ಟಾಪಿಗೆ ಹಾಕಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಿ. ಆರಂಭಿಸುವ ಮುನ್ನ ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಬೆಲ್ಟ್ ಸಡಿಲವಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ವೇಗ ಕುಗ್ಗಿ ಭಾಗವತರ ಶ್ರುತಿಯೇ ಇಳಿದುಬಿಡುತ್ತದೆ. ಚೆಂಡೆಯ ಪೆಟ್ಟು ಹಠಾತ್ತನೆ ಏರುವಂಥದ್ದು, ಮಾತಿಗೆ ಸರಿಹೊಂದಿಸಿದ ಮಟ್ಟದಲ್ಲಿ ಅದು ಒಡೆದುಹೋಗುತ್ತದೆ. ಅತಿ ಜೋರಿನ ಭಾಗ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಸದ್ದು ಕಡಿಮೆ ಮಾಡುವ ಫಿಲ್ಟರುಗಳನ್ನು ಮೂಲ ಪ್ರತಿಯ ಮೇಲೆ ಎಂದೂ ಪ್ರಯೋಗಿಸಬೇಡಿ. ಟೇಪಿನ ಸುಯ್ಯೆಂಬ ಸದ್ದಿನೊಂದಿಗೆ ತಾಳದ ಮೇಲುದನಿಯನ್ನೂ ಅವು ಅಳಿಸಿಬಿಡುತ್ತವೆ. 44.1 ಕಿಲೊಹರ್ಟ್ಸ್, 16 ಬಿಟ್‌ನಲ್ಲಿ 90 ನಿಮಿಷದ ಒಂದು ಕ್ಯಾಸೆಟ್ 950 ಎಂಬಿಯಷ್ಟಾಗುತ್ತದೆ, ಗುಣ ಕಳೆಯದೆ ಕಿರಿದಾಗಿಸುವ ಫ್ಲ್ಯಾಕ್ ಮಾದರಿಯಲ್ಲಿ ಉಳಿಸಿದರೆ ಇನ್ನೂ ಚಿಕ್ಕದಾಗುತ್ತದೆ. ನೂರು ಕ್ಯಾಸೆಟ್‌ಗಳಿದ್ದರೂ ನಿಮ್ಮ ಡಿಸ್ಕಿನ ಇಪ್ಪತ್ತನೇ ಒಂದು ಭಾಗ ತುಂಬುವುದಿಲ್ಲ. ಕೋಡಿ ಆಡಿಯೊ ಫೈಲ್‌ಗಳನ್ನು ಚಲನಚಿತ್ರದಂತೆ ನಿಲ್ಲಿಸಿದ ಜಾಗದಿಂದ ಮುಂದುವರಿಸದು, ಹಾಗಾಗಿ ಕ್ಯಾಸೆಟಿನ ಒಂದೊಂದು ಬದಿಯನ್ನು ಒಂದೊಂದು ಫೈಲಾಗಿ ಇಡಿ. ಟ್ಯಾಗಿನಲ್ಲಿ ಆಲ್ಬಮ್ ಎಂಬಲ್ಲಿ ಪ್ರಸಂಗದ ಹೆಸರು, ಕಲಾವಿದ ಎಂಬಲ್ಲಿ ಭಾಗವತರು, ಟಿಪ್ಪಣಿಯಲ್ಲಿ ಅರ್ಥಧಾರಿಗಳ ಹೆಸರುಗಳು ಇದ್ದರೆ ತಾಳಮದ್ದಳೆಗಳನ್ನು ಹುಡುಕುವುದು ಸುಲಭ.

ಮುಂಬಯಿ ಸೀಮೆಯ ಹವೆ ಈ ಯಂತ್ರಗಳಿಗೆ ಹಿತವಲ್ಲ. ಪೈ 4 ಸುಮಾರು 80 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ವೇಗ ತಗ್ಗಿಸುತ್ತದೆ. ಟಿವಿ ಹಿಂದಿನ ಮುಚ್ಚಿದ ಕಪಾಟಿನಲ್ಲಿ ಮೇ ತಿಂಗಳಲ್ಲಿ ಇದು ಆಗದ ಮಾತೇನಲ್ಲ. ಫ್ಯಾನ್ ಬೇಡ, ಧೂಳನ್ನು ಒಳಗೆಳೆಯುತ್ತದೆ, ಸದ್ದನ್ನೂ ಮಾಡುತ್ತದೆ. ಇಡೀ ಕವಚವೇ ಶಾಖ ಹೊರಹಾಕುವ ಅಲ್ಯೂಮಿನಿಯಂ ಕೇಸ್ ಒಳ್ಳೆಯದು. ಅಂಥ ಕೇಸಿನಲ್ಲಿ ವೈಫೈ ಸ್ವಲ್ಪ ಕುಂದುತ್ತದೆ, ಆದ್ದರಿಂದ ರೌಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಒತ್ತೊತ್ತಾದ ಫ್ಲ್ಯಾಟುಗಳಲ್ಲಿ ಹೇಗಿದ್ದರೂ ಅದೇ ಭರವಸೆಯದು. ಕೇಬಲ್ ಎಳೆದ ಮೇಲೆ ಲಿಬ್ರೆಎಲೆಕ್‌ನಲ್ಲಿ ಸಾಂಬಾ (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಸೌಲಭ್ಯ) ಆನ್ ಮಾಡಿದರೆ, ಡಿಸ್ಕನ್ನು ಕೀಳದೆಯೇ ನಿಮ್ಮ ಲ್ಯಾಪ್‌ಟಾಪಿನಿಂದ ಹೊಸ ಫೈಲ್‌ಗಳನ್ನು ಅದಕ್ಕೆ ಸೇರಿಸಬಹುದು.

ಇಷ್ಟೆಲ್ಲ ಆದ ಮೇಲೆ ಅದೇ ಗಾತ್ರದ ಇನ್ನೊಂದು ಡಿಸ್ಕ್ ಕೊಂಡು ಪೂರ್ತಿ ಪ್ರತಿ ಮಾಡಿ. ಪೈಗೆ ಜೋಡಿಸಿದ ಡಿಸ್ಕ್ ದಿನವಿಡೀ ಬಳಕೆಯಲ್ಲಿರುವಂಥದ್ದು, ಅದು ಒಂದಲ್ಲ ಒಂದು ದಿನ ಕೈಕೊಡುವುದು ಖಂಡಿತ. ಎರಡನೆಯದನ್ನು ಬೇರೆ ಮನೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಅದು ಊರಿನ ಮನೆಯಾದರೆ ಮಳೆಗಾಲ ಮುಗಿದೊಡನೆ ಒಮ್ಮೆ ತೆಗೆದು, ಲ್ಯಾಪ್‌ಟಾಪಿಗೆ ಜೋಡಿಸಿ, ಹೊಸದಾಗಿ ಸೇರಿದ ಫೈಲ್‌ಗಳನ್ನು ನಕಲಿಸಿ, ಹಳೆಯವು ತೆರೆಯುತ್ತವೆಯೇ ಎಂದು ಪರೀಕ್ಷಿಸಿ ಮತ್ತೆ ಮುಚ್ಚಿಡಿ. ಲಿಬ್ರೆಎಲೆಕ್‌ನ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಕೋಡಿಯ ಎಲ್ಲ ಹೊಂದಾಣಿಕೆಗಳ ಪ್ರತಿಯನ್ನೂ ಅದೇ ಡಿಸ್ಕಿಗೆ ಹಾಕಿಟ್ಟರೆ, ಮೆಮೊರಿ ಕಾರ್ಡ್ ಕೆಟ್ಟಾಗ ಹೊಸ ಕಾರ್ಡಿನಲ್ಲಿ ಎಲ್ಲವನ್ನೂ ಮೊದಲಿನಂತೆ ಪಡೆಯಬಹುದು.